ಮೂರು ‘ಇಲ್ಲ’ಗಳ ಗಂಟು

ಸ್ತನ ಕ್ಯಾನ್ಸರಿನ ಬಯಾಪ್ಸಿ ರಿಪೋರ್ಟಿನ ಕೊನೆಗೆ ಮೂರು ಸಾಲುಗಳಿರುತ್ತವೆ: ಇ.ಆರ್., ಪಿ.ಆರ್., ಹರ್-2. ಪ್ರತಿಯೊಂದರ ಎದುರಿಗೂ ಪಾಸಿಟಿವ್ ಅಥವಾ ನೆಗೆಟಿವ್ ಎಂದು ಬರೆದಿರುತ್ತದೆ. ಮೂರರ ಎದುರಿಗೂ ನೆಗೆಟಿವ್ ಎಂದಿದ್ದರೆ ಮನೆಯವರು ಸಮಾಧಾನಪಟ್ಟುಕೊಳ್ಳುವುದುಂಟು, ಉಳಿದ ಪರೀಕ್ಷೆಗಳಲ್ಲೆಲ್ಲ ಆ ಪದ ಒಳ್ಳೆಯ ಸುದ್ದಿಯೇ ತಾನೆ. ಆದರೆ ಇಲ್ಲಿ ಅದರಿಂದ ವೈದ್ಯರ ಚಿಂತೆ ಹೆಚ್ಚುತ್ತದೆ. ‘ಟ್ರಿಪಲ್ ನೆಗೆಟಿವ್’ ಎಂದು ಕರೆಯುವ ಈ ಬಗೆಯ ಕ್ಯಾನ್ಸರ್ ಬೇಗ ಬೆಳೆಯುತ್ತದೆ, ಬೇಗ ಹರಡುತ್ತದೆ, ವಯಸ್ಸಿನಲ್ಲಿ ಚಿಕ್ಕವರನ್ನೇ ಹೆಚ್ಚಾಗಿ ಹಿಡಿಯುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ 10ರಿಂದ 15 ಮಂದಿಗೆ ಈ ಬಗೆಯದು ಬಂದರೆ, ಭಾರತದ ಆಸ್ಪತ್ರೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ಪ್ರಮಾಣ ಕಾಲು ಭಾಗವನ್ನೂ ದಾಟುತ್ತದೆ. ಬೆಂಗಳೂರಿನ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ 1982ರಿಂದ ನಡೆದುಬಂದಿದೆ. ಆರಂಭದ ವರ್ಷಗಳಲ್ಲಿ ಹೆಂಗಸರ ಕ್ಯಾನ್ಸರುಗಳಲ್ಲಿ ಗರ್ಭಕೊರಳಿನದೇ ಮುಂದಿತ್ತು. ಈಗ ಮೊದಲ ಸ್ಥಾನದಲ್ಲಿರುವುದು ಸ್ತನ ಕ್ಯಾನ್ಸರ್. ಹಾಗಾಗಿ ಈ ಮೂರು ಸಾಲುಗಳನ್ನು ಓದಬೇಕಾದ ಮನೆಗಳ ಸಂಖ್ಯೆಯೂ ಬೆಳೆಯುತ್ತಲೇ ಇದೆ.

ಕೇಳಲು ಬೇಕಾದಷ್ಟು ಪ್ರಶ್ನೆಗಳಿರುವಾಗ ಈ ಮೂರನ್ನೇ ಏಕೆ ಕೇಳುತ್ತಾರೆ? ಉತ್ತರಕ್ಕೆ ನೂರಿಪ್ಪತ್ತು ವರ್ಷಗಳಿಗೂ ಹಿಂದಕ್ಕೆ ಹೋಗಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಶಸ್ತ್ರವೈದ್ಯನಾಗಿದ್ದ ಜಾರ್ಜ್ ಬೀಟ್ಸನ್‌ಗೆ ಹಾಲು ಕರೆಯುವ ಪ್ರಾಣಿಗಳ ಬಗ್ಗೆ ಕುತೂಹಲವಿತ್ತು. ಕೆಲವು ದೇಶಗಳಲ್ಲಿ ಕರು ಹಾಕಿದ ಹಸುವಿನ ಅಂಡಾಶಯ ತೆಗೆದುಬಿಟ್ಟರೆ ಅದು ಬಹುಕಾಲ ಹಾಲು ಕೊಡುತ್ತದೆ ಎಂಬ ರೂಢಿ ಅವನ ಗಮನಕ್ಕೆ ಬಂತು. ಎಲ್ಲೋ ಹೊಟ್ಟೆಯೊಳಗಿನ ಅಂಡಾಶಯಕ್ಕೂ ಕೆಚ್ಚಲಿಗೂ ನಂಟಿದೆ ಎಂದಾದರೆ ಸ್ತನದ ಕ್ಯಾನ್ಸರಿಗೂ ಇರಬಾರದೇಕೆ ಎಂದು ಅವನು ಯೋಚಿಸಿದ. ರೋಗ ಉಲ್ಬಣಿಸಿದ ಹೆಂಗಸರ ಅಂಡಾಶಯ ತೆಗೆದು, ಗಂಟುಗಳು ಕುಗ್ಗಿದ್ದನ್ನು 1896ರಲ್ಲಿ ಪ್ರಕಟಿಸಿದ. ಹಾರ್ಮೋನ್ ಎಂಬ ಮಾತು ಇನ್ನೂ ಹುಟ್ಟಿರದ ಕಾಲವದು. ಮುಂದೆ ಬೇರೆಯವರೂ ಈ ಶಸ್ತ್ರಚಿಕಿತ್ಸೆ ಮಾಡಿದಾಗ ಕೆಲವರಿಗೆ ಮಾತ್ರ ಗುಣ ಕಂಡಿತು, ಹೆಚ್ಚಿನವರಿಗೆ ಏನೂ ಆಗಲಿಲ್ಲ. ಯಾರಿಗೆ ಗುಣವಾದೀತು ಎಂದು ಮೊದಲೇ ಹೇಳುವ ದಾರಿ ಇರಲಿಲ್ಲ.

ಆ ದಾರಿ ತೋರಿಸಿದವನು ಶಿಕಾಗೊ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್. 1950ರ ದಶಕದ ಕೊನೆಯಲ್ಲಿ ಅವನು ಈಸ್ಟ್ರೋಜೆನ್ ಹಾರ್ಮೋನಿಗೆ ವಿಕಿರಣಶೀಲ ಹೈಡ್ರೋಜನ್ ಕಟ್ಟಿ ಇಲಿಗಳ ದೇಹಕ್ಕೆ ಬಿಟ್ಟ. ಹಾರ್ಮೋನು ಎಲ್ಲ ಅಂಗಗಳಲ್ಲೂ ಸುತ್ತಿ ಹೊರಟುಹೋಯಿತು, ಗರ್ಭಕೋಶದಂಥ ಕೆಲವೇ ಕಡೆ ಅಂಟಿಕೊಂಡು ನಿಂತಿತು. ಹಾಗೆ ಹಿಡಿದಿಟ್ಟುಕೊಳ್ಳುವ ಪ್ರೋಟೀನೇ ಈಸ್ಟ್ರೋಜೆನ್ ಗ್ರಾಹಕ, ಅಂದರೆ ರಿಪೋರ್ಟಿನ ಇ.ಆರ್. ಗ್ರಾಹಕವಿರುವ ಕ್ಯಾನ್ಸರಿಗೆ ಈಸ್ಟ್ರೋಜೆನ್ ಬೇಕು, ಅದನ್ನು ತಡೆದರೆ ಗಂಟು ಸೊರಗುತ್ತದೆ. ಗ್ರಾಹಕವಿಲ್ಲದ ಕ್ಯಾನ್ಸರಿಗೆ ಅದರ ಹಂಗಿಲ್ಲ. ಟಮಾಕ್ಸಿಫೆನ್ ಮಾತ್ರೆಗೆ 1977ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಮೇಲೆ ಈ ಪರೀಕ್ಷೆ ಕಡ್ಡಾಯವೆನ್ನುವಂತಾಯಿತು. ಪ್ರೊಜೆಸ್ಟರಾನ್ ಗ್ರಾಹಕದ ಪರೀಕ್ಷೆ, ಪಿ.ಆರ್., ಜೊತೆಗೆ ಸೇರಿಕೊಂಡಿತು. ಮೂರನೆಯ ಸಾಲು ಬಂದದ್ದು ಲಾಸ್ ಏಂಜಲೀಸಿನಿಂದ. ಹರ್-2 ಎಂಬ ಜೀನ್ ಅತಿಯಾಗಿ ನಕಲಾಗಿರುವ ಗಂಟುಗಳು ಬೇಗ ಮರುಕಳಿಸುತ್ತವೆ ಎಂದು ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಆ ಪ್ರೋಟೀನನ್ನು ಗುರಿಯಾಗಿಸಿಕೊಂಡ ಟ್ರಾಸ್ಟುಜುಮ್ಯಾಬ್ 1998ರಲ್ಲಿ ಬಂತು.

ಹಾಗಾಗಿ ರಿಪೋರ್ಟಿನ ಮೂರು ಪ್ರಶ್ನೆಗಳೂ ನಮ್ಮ ಔಷಧಿಗಳ ಕಡೆಯಿಂದ ಹುಟ್ಟಿದವು. ನಿನಗೆ ಕೊಡಲು ನಮ್ಮ ಬಳಿ ಗುರಿಯಿಟ್ಟ ಮದ್ದು ಇದೆಯೇ ಎಂದು ಗಂಟನ್ನು ಮೂರು ಸಲ ಕೇಳುತ್ತೇವೆ. ಮೂರಕ್ಕೂ ಇಲ್ಲವೆಂದವರನ್ನೆಲ್ಲ ಒಂದೇ ಕಡೆ ಹಾಕುತ್ತೇವೆ, ಅರ್ಜಿ ನಮೂನೆಯ ಕೊನೆಯಲ್ಲಿ ‘ಇತರೆ’ ಎಂಬ ಕಾಲಮ್ ಇರುವ ಹಾಗೆ. ಆ ಕಾಲಮ್ಮಿನಲ್ಲಿ ಇರುವವರೆಲ್ಲ ಒಬ್ಬರಿಗೊಬ್ಬರು ನೆಂಟರೆಂದು ಭಾವಿಸುವುದು ತಪ್ಪು. ಈ ಅಧ್ಯಾಯದುದ್ದಕ್ಕೂ ನಾನು ಹೇಳಬೇಕೆಂದಿರುವುದು ಇಷ್ಟೇ: ಆ ‘ಇಲ್ಲ’ ನಿಜವಾಗಿಯೂ ಇಲ್ಲವೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು, ಆಮೇಲೆ ಅದರ ಹಿಂದೆ ಏನು ಇದೆ ಎಂದು ಹುಡುಕಬೇಕು. ಎರಡೂ ಕೆಲಸ ಶುರುವಾಗುವುದು ಸೂಕ್ಷ್ಮದರ್ಶಕದ ಕೆಳಗೆ.

ಮೊದಲು ಆರೋಗ್ಯವಂತ ಸ್ತನ ಹೇಗಿರುತ್ತದೆಂದು ನೋಡೋಣ. ಹಾಲಿನ ನಾಳವನ್ನು ಅಡ್ಡ ಕೊಯ್ದು ಬಣ್ಣ ಹಾಕಿ ನೋಡಿದರೆ ನಡುವೆ ಖಾಲಿ ಜಾಗ, ಸುತ್ತ ಎರಡು ಸಾಲು ಜೀವಕೋಶ ಕಾಣುತ್ತವೆ. ಒಳಸಾಲಿನವು ಹಾಲು ತಯಾರಿಸುವ ವಂಶದವು. ಹೊರಸಾಲಿನವು ಸ್ನಾಯುವಿನಂತೆ ಹಿಂಡಿ ಹಾಲನ್ನು ಮುಂದಕ್ಕೆ ತಳ್ಳುವವು, ಇವುಗಳಿಗೆ ಬುಡದ ಕೋಶಗಳೆಂಬ ಹೆಸರೂ ಇದೆ. ನಿಧಾನವಾಗಿ ಬೆಳೆಯುವ ಕ್ಯಾನ್ಸರಿನಲ್ಲಿ ಕೂಡ ಈ ವಿನ್ಯಾಸದ ನೆನಪು ಅಲ್ಲಲ್ಲಿ ಉಳಿದಿರುತ್ತದೆ, ಕೋಶಗಳು ಸಣ್ಣ ಸಣ್ಣ ನಾಳಗಳಾಗಿ ಜೋಡಿಸಿಕೊಳ್ಳಲು ಯತ್ನಿಸುತ್ತವೆ. ಟ್ರಿಪಲ್ ನೆಗೆಟಿವ್ ಗಂಟುಗಳಲ್ಲಿ ಹೆಚ್ಚಿನವು ಅದನ್ನು ಪೂರಾ ಮರೆತಿರುತ್ತವೆ. ಕೋಶಗಳು ಹಾಳೆಹಾಳೆಯಾಗಿ ಒತ್ತೊತ್ತಿಗೆ ತುಂಬಿಕೊಂಡಿರುತ್ತವೆ. ಕೋಶಕೇಂದ್ರಗಳು ಒಂದರಂತೆ ಒಂದಿಲ್ಲ, ಕೆಲವು ಪಕ್ಕದ್ದಕ್ಕಿಂತ ಮೂರು ನಾಲ್ಕು ಪಟ್ಟು ದೊಡ್ಡವು. ಕಣ್ಣು ಹಾಯಿಸಿದಲ್ಲೆಲ್ಲ ವಿಭಜನೆ ನಡೆದಿರುತ್ತದೆ. ವರ್ಣತಂತುಗಳು ಕಪ್ಪನೆಯ ಪಟ್ಟಿಯಾಗಿ ನಡುವೆ ಸಾಲುಗಟ್ಟಿದ ಕೋಶ, ಅದರ ಪಕ್ಕದಲ್ಲೇ ಎರಡಾಗಿ ಸೀಳಿ ದೂರ ಸರಿಯುತ್ತಿರುವ ಕೋಶ, ಇನ್ನೊಂದು ಕಡೆ ಎರಡಕ್ಕೆ ಬದಲು ಮೂರು ದಿಕ್ಕಿಗೆ ಎಳೆದಾಡುತ್ತಿರುವ ಕೋಶ. ಎಲ್ಲವೂ ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣ ತಗಲಿದ ಗಳಿಗೆಯಲ್ಲಿ ಹೇಗಿದ್ದವೋ ಹಾಗೆಯೇ ನಿಂತುಬಿಟ್ಟಿರುತ್ತವೆ.

ಇದನ್ನೆಲ್ಲ ಅಂಕಗಳಾಗಿ ಬರೆಯುವ ಕ್ರಮ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನದು. ಎಲ್ಸ್ಟನ್ ಮತ್ತು ಎಲ್ಲಿಸ್ 1991ರಲ್ಲಿ ಹಳೆಯ ಪದ್ಧತಿಯನ್ನು ತಿದ್ದಿ ರೂಪಿಸಿದ್ದು. ನಾಳಗಳ ವಿನ್ಯಾಸ ಎಷ್ಟು ಉಳಿದಿದೆ, ಕೋಶಕೇಂದ್ರಗಳು ಎಷ್ಟು ವಿಕಾರವಾಗಿವೆ, ವಿಭಜನೆಗಳು ಎಷ್ಟಿವೆ ಎಂಬ ಮೂರಕ್ಕೂ ತಲಾ 1ರಿಂದ 3 ಅಂಕ. ಮೊತ್ತ 8 ಅಥವಾ 9 ಬಂದರೆ ಗ್ರೇಡ್ 3, ಅಂದರೆ ಅತಿ ಹೆಚ್ಚು ಉಗ್ರ. ಟ್ರಿಪಲ್ ನೆಗೆಟಿವ್ ಗಂಟುಗಳಲ್ಲಿ ಬಹುಪಾಲು ಇಲ್ಲಿಗೇ ಬರುತ್ತವೆ.

ಇನ್ನೂ ಎರಡು ಗುರುತುಗಳಿವೆ. ಗಂಟಿನ ನಡುಭಾಗ ಎಷ್ಟೋ ಸಲ ಸತ್ತಿರುತ್ತದೆ. ಕೋಶಗಳು ಹೆಚ್ಚುವ ವೇಗಕ್ಕೆ ರಕ್ತನಾಳಗಳು ಹೊಂದಿಕೊಳ್ಳಲಾರದೆ ಒಳಗಿನವು ಆಮ್ಲಜನಕವಿಲ್ಲದೆ ಸಾಯುತ್ತವೆ. ಸ್ಲೈಡಿನಲ್ಲಿ ಅದು ನಕ್ಷೆಯ ಮೇಲಿನ ದ್ವೀಪದಂತಹ ಗುಲಾಬಿ ಪ್ರದೇಶ, ಕೋಶದ ರೂಪುರೇಷೆಯೇ ಇಲ್ಲ. ಎರಡನೆಯದು ಗಂಟಿನ ಅಂಚು. ಸಾಮಾನ್ಯ ಸ್ತನ ಕ್ಯಾನ್ಸರ್ ಸುತ್ತಲಿನ ಕೊಬ್ಬಿನೊಳಕ್ಕೆ ಏಡಿಯ ಕಾಲುಗಳ ಹಾಗೆ ಚಾಚಿಕೊಳ್ಳುತ್ತದೆ, ಮ್ಯಾಮೊಗ್ರಾಮಿನಲ್ಲಿ ಮುಳ್ಳುಮುಳ್ಳಾಗಿ ಕಂಡು ತಕ್ಷಣ ಅನುಮಾನ ಹುಟ್ಟಿಸುತ್ತದೆ. ಟ್ರಿಪಲ್ ನೆಗೆಟಿವ್ ಗಂಟು ಹಲವು ಸಲ ದುಂಡಗೆ, ನುಣುಪಾಗಿ, ಅಕ್ಕಪಕ್ಕದ್ದನ್ನು ದೂಡುತ್ತಾ ಬೆಳೆಯುತ್ತದೆ. ಅಲ್ಟ್ರಾಸೌಂಡಿನಲ್ಲಿ ನೋಡಿದರೆ ಹದಿಹರೆಯದವರಲ್ಲಿ ಮತ್ತು ಇಪ್ಪತ್ತರ ಆಸುಪಾಸಿನವರಲ್ಲಿ ಮಾಮೂಲಿಯಾದ ಫೈಬ್ರೋಅಡಿನೋಮಾ ಎಂಬ ನಿರಪಾಯಕಾರಿ ಗಂಟಿನ ಹಾಗೆಯೇ ಕಾಣಬಹುದು. ಮೂವತ್ತೈದರ ಹೆಂಗಸು, ದುಂಡನೆಯ ಗಂಟು, ನೋವಿಲ್ಲ: ಆರು ತಿಂಗಳು ಬಿಟ್ಟು ನೋಡೋಣ ಎನ್ನುವುದಕ್ಕೆ ಎಲ್ಲ ಕಾರಣಗಳೂ ಇವೆ. ಈ ರೋಗದಲ್ಲಿ ಆರು ತಿಂಗಳು ದೀರ್ಘ ಕಾಲ. ಎರಡು ಮ್ಯಾಮೊಗ್ರಾಮುಗಳ ನಡುವಿನ ಅವಧಿಯಲ್ಲಿ ತಲೆಯೆತ್ತುವ ಕ್ಯಾನ್ಸರುಗಳಲ್ಲಿ ಟ್ರಿಪಲ್ ನೆಗೆಟಿವ್ ಹೆಚ್ಚಿರುವುದೂ ಇದೇ ವೇಗದಿಂದ. ಗಂಟು ಬೆಳೆಯುತ್ತಿದ್ದರೆ ಅದು ಎಷ್ಟೇ ನುಣುಪಾಗಿರಲಿ, ಸೂಜಿ ಹಾಕಿ ತುಣುಕು ತೆಗೆಯಿಸಿ ನೋಡಲೇಬೇಕು.

ಈಗ ಆ ‘ಇಲ್ಲ’ದ ವಿಷಯ. ಗ್ರಾಹಕಗಳಿವೆಯೇ ಎಂದು ನೋಡುವ ಪರೀಕ್ಷೆಗೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ಉದ್ದ ಹೆಸರಿದೆ, ಲ್ಯಾಬಿನವರ ಬಾಯಲ್ಲಿ ಐ.ಎಚ್.ಸಿ. ಅಂಗಾಂಶವನ್ನು ಹುದುಗಿಸಿಟ್ಟ ಮೇಣದ ಬ್ಲಾಕಿನಿಂದ ಮೂರು ನಾಲ್ಕು ಮೈಕ್ರಾನ್ ದಪ್ಪದ ಪದರ ಸೀಳಿ, ಗಾಜಿಗೆ ಅಂಟಿಸಿ, ಇ.ಆರ್. ಪ್ರೋಟೀನನ್ನು ಮಾತ್ರ ಗುರುತು ಹಿಡಿಯುವ ಪ್ರತಿಕಾಯವನ್ನು ಅದರ ಮೇಲೆ ಬಿಡುತ್ತಾರೆ. ಪ್ರತಿಕಾಯ ಹಿಡಿದುಕೊಂಡ ಕಡೆ ಕಂದು ಬಣ್ಣ ಬರುತ್ತದೆ, ಉಳಿದ ಕೋಶಕೇಂದ್ರಗಳು ನೀಲಿಯಾಗಿಯೇ ಇರುತ್ತವೆ. ನೂರು ಕ್ಯಾನ್ಸರ್ ಕೋಶಗಳಲ್ಲಿ ಒಂದರ ಕೇಂದ್ರ ಕಂದಾದರೂ ಸಾಕು, ಇ.ಆರ್. ಪಾಸಿಟಿವ್ ಎನ್ನಬೇಕೆಂಬುದು 2010ರಿಂದ ಜಾರಿಯಲ್ಲಿರುವ ನಿಯಮ. ಅಷ್ಟು ಕಡಿಮೆ ಮಿತಿ ಇಟ್ಟದ್ದು ಹಾರ್ಮೋನ್ ಮಾತ್ರೆಯಿಂದ ಲಾಭವಾಗಬಹುದಾದ ಒಬ್ಬಳೂ ತಪ್ಪಿಹೋಗಬಾರದೆಂದು.

ಸ್ಲೈಡಿನ ತುಂಬ ಬರೀ ನೀಲಿ ಇದೆ ಎನ್ನೋಣ. ಅನುಭವಿ ಪೆಥಾಲಜಿಸ್ಟ್ ಆಗ ಕ್ಯಾನ್ಸರಿನಿಂದ ಕಣ್ಣು ತೆಗೆದು ಸ್ಲೈಡಿನ ಅಂಚಿನಲ್ಲಿ ಎಲ್ಲಾದರೂ ಒಂದು ಆರೋಗ್ಯವಂತ ಹಾಲಿನ ನಾಳ ಉಳಿದಿದೆಯೇ ಎಂದು ಹುಡುಕುತ್ತಾರೆ. ಸಹಜ ನಾಳದ ಒಳಸಾಲಿನ ಕೆಲವು ಕೋಶಗಳಲ್ಲಿ ಈಸ್ಟ್ರೋಜೆನ್ ಗ್ರಾಹಕ ಇದ್ದೇ ಇರುತ್ತದೆ. ಅಲ್ಲಿ ಕಂದು ಚುಕ್ಕೆಗಳು ಕಂಡು, ಕ್ಯಾನ್ಸರಿನಲ್ಲಿ ಕಾಣದಿದ್ದರೆ ನೆಗೆಟಿವ್ ಎಂಬ ಮಾತಿಗೆ ಬೆಲೆ ಬಂತು. ಸಹಜ ನಾಳವೂ ನೀಲಿಯಾಗಿದ್ದರೆ ಕೆಟ್ಟಿರುವುದು ಪರೀಕ್ಷೆ. ಆ ರಿಪೋರ್ಟಿಗೆ ಸಹಿ ಹಾಕುವಂತಿಲ್ಲ, ಮತ್ತೆ ಮಾಡಬೇಕು.

ಪರೀಕ್ಷೆ ಕೆಡುವುದಕ್ಕೆ ಕಾರಣ ಬಹಳ ಸಲ ಲ್ಯಾಬಿನಲ್ಲಿಲ್ಲ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿದೆ. ದೇಹದಿಂದ ಹೊರಬಂದ ಅಂಗಾಂಶ ರಕ್ತವಿಲ್ಲದೆ ಕೊಳೆಯಲು ತೊಡಗುತ್ತದೆ, ಅದರ ಪ್ರೋಟೀನುಗಳು ಒಡೆಯುತ್ತವೆ. ಒಂದು ಗಂಟೆಯೊಳಗೆ ಅದು ಶೇ. 10ರ ಫಾರ್ಮಲಿನ್‌ಗೆ ಬೀಳಬೇಕು, ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿರಬೇಕು. ಫಾರ್ಮಲಿನ್ ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್, ಕೊಬ್ಬು ತುಂಬಿದ ಸ್ತನದಲ್ಲಂತೂ ಇನ್ನೂ ನಿಧಾನ. ಇಡೀ ಸ್ತನವನ್ನು ಸೀಳದೆ ಹಾಗೆಯೇ ಡಬ್ಬಿಯಲ್ಲಿ ಮುಳುಗಿಸಿ, ಮುಚ್ಚಳ ಹಾಕಿ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೋ ಹುಬ್ಬಳ್ಳಿಗೋ ಕಳಿಸಿದರೆ ಬೆಳಿಗ್ಗೆ ಹೊರಮೈ ಗಟ್ಟಿಯಾಗಿರುತ್ತದೆ, ಚಾಕು ಹಾಕಿದರೆ ಒಳಗೆ ಗಂಟಿನ ಸುತ್ತ ಮೆತ್ತಗಾಗಿ ಕೊಳೆತಿರುತ್ತದೆ. ಫಾರ್ಮಲಿನ್ ಸಿಗಲಿಲ್ಲವೆಂದು ಸಲೈನಿನಲ್ಲಿ ಹಾಕಿ ಕಳಿಸಿದ ತುಣುಕುಗಳೂ ಬರುತ್ತವೆ. ಅಂಥ ಅಂಗಾಂಶದಲ್ಲಿ ಇದ್ದ ಗ್ರಾಹಕವೂ ಕಾಣದೆ ಹೋಗಬಹುದು, ಐದು ವರ್ಷ ಅಗ್ಗದ ಮಾತ್ರೆ ನುಂಗಿ ಬಾಳಬಹುದಾಗಿದ್ದ ಹೆಂಗಸು ಟ್ರಿಪಲ್ ನೆಗೆಟಿವ್ ಎಂಬ ಪಟ್ಟಿ ಹೊತ್ತುಕೊಳ್ಳಬೇಕಾಗಬಹುದು. ನಮ್ಮಲ್ಲಿ ಈ ಬಗೆಯ ಕ್ಯಾನ್ಸರಿನ ಪ್ರಮಾಣ ಹೆಚ್ಚಿರುವುದಕ್ಕೆ ನಮ್ಮ ಹೆಂಗಸರ ವಯಸ್ಸು ಒಂದು ಕಾರಣ: ಇಲ್ಲಿ ಸ್ತನ ಕ್ಯಾನ್ಸರ್ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಫಾರ್ಮಲಿನ್ ಡಬ್ಬಿಯ ಪಾಲೂ ಅದರಲ್ಲಿ ಇದೆ ಎಂದೇ ನನ್ನ ಅಭಿಪ್ರಾಯ. ಸೂಜಿ ಬಯಾಪ್ಸಿಯ ತೆಳು ತುಣುಕಿಗೆ ಈ ತೊಂದರೆ ಕಡಿಮೆ, ಫಾರ್ಮಲಿನ್ ಬೇಗ ಒಳಗಿಳಿಯುತ್ತದೆ. ಮೂರೂ ಪರೀಕ್ಷೆಗಳನ್ನು ಬಯಾಪ್ಸಿಯಲ್ಲೇ ಮಾಡಿಸುವುದು ಲೇಸು ಎನ್ನುವುದಕ್ಕೆ ಇದೂ ಒಂದು ಕಾರಣ.

ನೆಗೆಟಿವ್ ಎಂಬುದು ಖಚಿತವಾಯಿತು ಎಂದಿಟ್ಟುಕೊಳ್ಳಿ. ಅದರ ಹಿಂದೆ ಇರುವುದೇನು? 2000ದಲ್ಲಿ ಸ್ಟ್ಯಾನ್‌ಫರ್ಡಿನ ಚಾರ್ಲ್ಸ್ ಪೆರೂ, ಪ್ಯಾಟ್ರಿಕ್ ಬ್ರೌನ್, ಡೇವಿಡ್ ಬಾಟ್‌ಸ್ಟೈನ್ ಮತ್ತು ನಾರ್ವೆಯ ಆನ್-ಲಿಸೆ ಬೋರೆಸನ್-ಡೇಲ್ ಮೊದಲಾದವರು 42 ಮಂದಿಯ ಸ್ತನದ ಅಂಗಾಂಶದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜೀನುಗಳ ಚಟುವಟಿಕೆ ಅಳೆದರು. ಕೆಲವು ರೋಗಿಗಳ ಗಂಟನ್ನು ಕಿಮೊಥೆರಪಿಗೆ ಮೊದಲೊಮ್ಮೆ, ಆಮೇಲೊಮ್ಮೆ ಪರೀಕ್ಷಿಸಿದ್ದರು. ವಾರಗಟ್ಟಲೆ ವಿಷದಂಥ ಮದ್ದು ಬಿದ್ದಿದ್ದರೂ ಒಬ್ಬಳ ಎರಡು ಮಾದರಿಗಳು ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತಿದ್ದವು, ಬೇರೊಬ್ಬಳ ಗಂಟನ್ನು ಹೋಲುತ್ತಿರಲಿಲ್ಲ. ಗಂಟುಗಳಿಗೆ ತಮ್ಮದೇ ಆದ, ಸುಲಭಕ್ಕೆ ಅಳಿಯದ ಸ್ವಭಾವವಿದೆ ಎಂದು ಹಾಗೆ ಗೊತ್ತಾಯಿತು. ಸ್ವಭಾವಕ್ಕೆ ತಕ್ಕಂತೆ ಗುಂಪು ಮಾಡಿದಾಗ ಒಂದು ಗುಂಪಿನಲ್ಲಿ ನಾಳದ ಹೊರಸಾಲಿನ, ಅಂದರೆ ಬುಡದ ಕೋಶಗಳ ಕೆರಾಟಿನ್ 5, ಕೆರಾಟಿನ್ 17 ಎಂಬ ಪ್ರೋಟೀನುಗಳು ಎದ್ದು ಕಂಡವು. ಅದಕ್ಕೆ ‘ಬೇಸಲ್-ಲೈಕ್’ ಎಂದು ಹೆಸರಿಟ್ಟರು. ಟ್ರಿಪಲ್ ನೆಗೆಟಿವ್‌ಗಳಲ್ಲಿ ಹೆಚ್ಚಿನವು ಈ ಗುಂಪಿನವೇ. ಅಷ್ಟರಿಂದ ಇವು ಬುಡದ ಕೋಶಗಳಿಂದಲೇ ಹುಟ್ಟುತ್ತವೆ ಎಂದು ಎಲ್ಲರೂ ಊಹಿಸಿದ್ದರು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಜೆಫ್ರಿ ಲಿಂಡೆಮನ್ ಮತ್ತು ಜೇನ್ ವಿಸ್ವಾಡರ್ ಅವರ ತಂಡ 2009ರಲ್ಲಿ ಪ್ರಕಟಿಸಿದ ಕೆಲಸ ಈ ಊಹೆಯನ್ನು ತಲೆಕೆಳಗು ಮಾಡಿತು. ಬಿಆರ್‌ಸಿಎ1 ಜೀನಿನ ದೋಷವಿರುವ ಹೆಂಗಸರಲ್ಲಿ ಈ ಕ್ಯಾನ್ಸರಿನ ಮೂಲ ಒಳಸಾಲಿನ ಇನ್ನೂ ಬಲಿಯದ ಕೋಶಗಳಲ್ಲಿರುವಂತೆ ಅವರಿಗೆ ಕಂಡಿತು. ಹೊರಸಾಲಿನ ವೇಷ ಬಂದದ್ದು ಆಮೇಲೆ.

ಎಲ್ಲ ಟ್ರಿಪಲ್ ನೆಗೆಟಿವ್ ಗಂಟುಗಳೂ ಬೇಸಲ್ ಗುಂಪಿನವಲ್ಲ, ಎಲ್ಲವೂ ಉಗ್ರವೂ ಅಲ್ಲ. ಅಡಿನಾಯ್ಡ್ ಸಿಸ್ಟಿಕ್ ಎಂಬ ಅಪರೂಪದ ಬಗೆ ಲಾಲಾಗ್ರಂಥಿಯ ಗಂಟಿನಂತೆ ಕಾಣುತ್ತದೆ. ಮೂರೂ ನೆಗೆಟಿವ್, ಆದರೂ ಅದರ ಸಾಂಪ್ರದಾಯಿಕ ರೂಪ ಸೌಮ್ಯ, ಶಸ್ತ್ರಚಿಕಿತ್ಸೆಯಿಂದಲೇ ಸಾಮಾನ್ಯವಾಗಿ ಗುಣವಾಗುತ್ತದೆ. ಮೆಟಾಪ್ಲಾಸ್ಟಿಕ್ ಎಂಬುದು ಅದಕ್ಕೆ ತದ್ವಿರುದ್ಧ. ಅಲ್ಲಿ ಸ್ತನದ ಕೋಶಗಳು ಚರ್ಮದಂತೆ, ಮೃದ್ವಸ್ಥಿಯಂತೆ, ಕೆಲವೊಮ್ಮೆ ಮೂಳೆಯಂತೆಯೂ ರೂಪ ಬದಲಿಸಿಕೊಂಡಿರುತ್ತವೆ, ಕಿಮೊಥೆರಪಿಗೆ ಬಗ್ಗುವುದೂ ಕಡಿಮೆ. ಎರಡಕ್ಕೂ ರಿಪೋರ್ಟಿನ ಮೂರು ಸಾಲು ಒಂದೇ. ವ್ಯತ್ಯಾಸ ಹೇಳುವುದು ಸೂಕ್ಷ್ಮದರ್ಶಕದಲ್ಲಿ ಕಂಡ ಆಕಾರ ಮಾತ್ರ. ಮೂರು ಸಾಲುಗಳನ್ನು ಮಾತ್ರ ಓದಿ ರಿಪೋರ್ಟಿನ ಮೊದಲ ಪ್ಯಾರಾ ಬಿಟ್ಟುಬಿಡುವವರಿಗೆ ಇದು ಕಾಣುವುದಿಲ್ಲ.

ಬಿಆರ್‌ಸಿಎ1ರ ಮಾತು ಬಂತು. ಆನುವಂಶಿಕ ಸ್ತನ ಕ್ಯಾನ್ಸರಿಗೆ ಕಾರಣವಾದ ಜೀನ್ 17ನೆಯ ವರ್ಣತಂತುವಿನಲ್ಲಿದೆ ಎಂದು ಮೇರಿ-ಕ್ಲೇರ್ ಕಿಂಗ್ 1990ರಲ್ಲಿ ತೋರಿಸಿದಾಗ ಅದರ ಕೆಲಸವೇನೆಂದು ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಿದೆ. ನಮ್ಮ ಡಿಎನ್‌ಎಯ ಎರಡೂ ಎಳೆಗಳು ಒಟ್ಟಿಗೆ ತುಂಡಾದಾಗ, ಪಕ್ಕದಲ್ಲಿರುವ ಪ್ರತಿಯನ್ನು ನೋಡಿ ಅಕ್ಷರ ತಪ್ಪದಂತೆ ಬೆಸೆಯುವ ವ್ಯವಸ್ಥೆಯ ಭಾಗ ಅದು. ಅದು ಕೆಟ್ಟರೆ ಕೋಶ ತುಂಡುಗಳನ್ನು ಹೇಗೋ ಅಂಟಿಸಿಕೊಂಡು ಮುಂದೆ ಹೋಗುತ್ತದೆ, ಪ್ರತಿ ವಿಭಜನೆಗೂ ಹೊಸ ದೋಷಗಳು ಸೇರುತ್ತವೆ. ಸಾಮಾನ್ಯವಾಗಿ ಅಂಥ ಕೋಶವನ್ನು ತಡೆದು ನಿಲ್ಲಿಸುವುದು ಪಿ53 ಎಂಬ ಪ್ರೋಟೀನ್. ಬೇಸಲ್ ಗುಂಪಿನ ಗಂಟುಗಳಲ್ಲಿ ಸುಮಾರು ಐದರಲ್ಲಿ ನಾಲ್ಕರಲ್ಲಿ ಪಿ53ರ ಜೀನೂ ಕೆಟ್ಟಿರುತ್ತದೆ. ಸ್ಲೈಡಿನಲ್ಲಿ ಕಂಡ ವಿಕಾರ ಕೋಶಕೇಂದ್ರಗಳು, ಮೂರು ದಿಕ್ಕಿಗೆ ಎಳೆದಾಡುವ ವರ್ಣತಂತುಗಳು ಈ ರಿಪೇರಿಯಿಲ್ಲದ ಡಿಎನ್‌ಎಯ ಹೊರರೂಪ.

ದೌರ್ಬಲ್ಯವೂ ಅಲ್ಲೇ ಇದೆ. ರಿಪೇರಿಯ ಒಂದು ದಾರಿ ಮುಚ್ಚಿದ ಕೋಶ ಇನ್ನೊಂದನ್ನು ನೆಚ್ಚಿಕೊಂಡಿರುತ್ತದೆ, ಅದರಲ್ಲಿ ಪಾರ್ಪ್ ಎಂಬ ಕಿಣ್ವಕ್ಕೆ ದೊಡ್ಡ ಪಾತ್ರ. ಪಾರ್ಪನ್ನು ತಡೆದರೆ ಬಿಆರ್‌ಸಿಎ ಕೆಟ್ಟ ಕೋಶ ಸಾಯುತ್ತದೆ, ಸಹಜ ಕೋಶ ತಡೆದುಕೊಳ್ಳುತ್ತದೆ ಎಂದು 2005ರಲ್ಲಿ ಎರಡು ತಂಡಗಳು ಒಂದೇ ಸಮಯಕ್ಕೆ ತೋರಿಸಿದವು. ಒಲಾಪರಿಬ್ ಎಂಬ ಮಾತ್ರೆಯ ಹಿಂದಿರುವ ತತ್ತ್ವ ಅದೇ. ಹಾಗಾಗಿ ಟ್ರಿಪಲ್ ನೆಗೆಟಿವ್ ಎಂದು ತಿಳಿದ ಹೆಂಗಸಿಗೆ ಬಿಆರ್‌ಸಿಎ ಪರೀಕ್ಷೆ ಮಾಡಿಸುವಂತೆ ಈಗ ಸಲಹೆ ಕೊಡುತ್ತಾರೆ. ನಮ್ಮ ಕುಟುಂಬಗಳಿಗೆ ಇದರಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಿಮ್ಮಲ್ಲಿ ಯಾರಿಗಾದರೂ ಇತ್ತೇ ಎಂದರೆ ಅಮ್ಮ, ಅಜ್ಜಿ, ಚಿಕ್ಕಮ್ಮಂದಿರ ಹೆಸರು ಹೇಳುತ್ತಾರೆ, ಅಪ್ಪನ ಕಡೆ ನೆನಪಾಗುವುದೇ ಇಲ್ಲ. ದೋಷವಿರುವ ಜೀನ್ ತಂದೆಯಿಂದಲೂ ಅಷ್ಟೇ ಸಾಧ್ಯತೆಯಲ್ಲಿ ಬರುತ್ತದೆ. ಸೋದರತ್ತೆಯರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ರೋಗದ ನಡೆಯ ಬಗ್ಗೆ ಎರಡು ಮಾತು. ಟೊರಾಂಟೊದ ರೋಗಿಗಳನ್ನು ಅನುಸರಿಸಿದ 2007ರ ಅಧ್ಯಯನವೊಂದರಲ್ಲಿ ಟ್ರಿಪಲ್ ನೆಗೆಟಿವ್ ಕ್ಯಾನ್ಸರ್ ಮರುಕಳಿಸುವ ಅಪಾಯ ಮೂರನೆಯ ವರ್ಷದ ಹೊತ್ತಿಗೆ ಶಿಖರ ಮುಟ್ಟಿ ನಂತರ ಬೇಗ ಇಳಿಯಿತು. ಹರಡಿದರೆ ಶ್ವಾಸಕೋಶ, ಮಿದುಳಿನ ಕಡೆಗೆ ಒಲವು ಹೆಚ್ಚು. ಹಾರ್ಮೋನ್ ಗ್ರಾಹಕವಿರುವ ಕ್ಯಾನ್ಸರ್ ಇಪ್ಪತ್ತು ವರ್ಷದ ಮೇಲೂ ಮರಳಿ ಬರಬಲ್ಲದು, ಇದು ಹಾಗಲ್ಲ. ಐದು ವರ್ಷ ದಾಟಿದ ಹೆಂಗಸಿಗೆ ವೈದ್ಯರು ಧೈರ್ಯದಿಂದ ಮಾತಾಡಬಹುದು. ಈ ವಿಷಯವನ್ನು ರೋಗಿಗಳಿಗೆ ಹೇಳುವವರು ಕಡಿಮೆ, ಉಗ್ರ ಎಂಬ ಮಾತಷ್ಟೇ ಅವರ ಕಿವಿಗೆ ಬಿದ್ದಿರುತ್ತದೆ.

ವೇಗವಾಗಿ ಒಡೆಯುವ ಕೋಶಗಳು ಕಿಮೊಥೆರಪಿಗೆ ಹೆಚ್ಚು ಬಲಿಯಾಗುತ್ತವೆ. ಆದ್ದರಿಂದ ಈಗ ತೀರಾ ಚಿಕ್ಕದಲ್ಲದ ಗಂಟಾದರೆ ಮೊದಲು ಕಿಮೊ, ಆಮೇಲೆ ಶಸ್ತ್ರಚಿಕಿತ್ಸೆ. ತೆಗೆದ ಸ್ತನ ಮತ್ತು ಕಂಕುಳಿನ ಗ್ರಂಥಿಗಳು ಮತ್ತೆ ಪೆಥಾಲಜಿಸ್ಟ್ ಮುಂದೆ ಬರುತ್ತವೆ. ಗಂಟಿದ್ದ ಜಾಗದಲ್ಲಿ ನಾರು, ನೊರೆಯಂಥ ಒಡಲಿನ ಕಬಳಿಕೆ ಕೋಶಗಳು, ಹಳೆಯ ರಕ್ತದ ಕಂದು ಕಲೆ, ಬಯಾಪ್ಸಿ ವೇಳೆ ಇಟ್ಟ ಪುಟ್ಟ ಲೋಹದ ಕ್ಲಿಪ್ ಇಷ್ಟೇ ಸಿಕ್ಕಿ, ಒಂದೂ ಕ್ಯಾನ್ಸರ್ ಕೋಶ ಸಿಗದಿದ್ದರೆ ಅದು ಅತ್ಯಂತ ಒಳ್ಳೆಯ ಸುದ್ದಿ. ಗಂಟಿನ ನಡುವೆ ಲಿಂಫೋಸೈಟುಗಳೆಂಬ ರಕ್ಷಕ ಕೋಶಗಳು ನೀಲಿ ಕಣಗಳಾಗಿ ತುಂಬಿದ್ದವರಿಗೆ ಈ ಸುದ್ದಿ ಬರುವ ಸಾಧ್ಯತೆ ಹೆಚ್ಚು. ದೇಹದ ರಕ್ಷಣಾ ಪಡೆ ಗಂಟನ್ನು ಗುರುತಿಸಿದೆ ಎಂಬುದಕ್ಕೆ ಆ ನೀಲಿ ಕಣಗಳೇ ಸಾಕ್ಷಿ. ಆ ಪಡೆಗೆ ಹಾಕಿದ ತಡೆ ತೆಗೆಯುವ ಪೆಂಬ್ರೊಲಿಜುಮ್ಯಾಬ್ ಅನ್ನು ಕಿಮೊ ಜೊತೆಗೆ ಕೊಟ್ಟಾಗ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಯಾನ್ಸರ್ ಪೂರಾ ಮಾಯವಾದವರ ಪ್ರಮಾಣ ಶೇ. 51ರಿಂದ 65ರ ಹತ್ತಿರಕ್ಕೆ ಏರಿತು. ಆದರೆ ಅದರ ಖರ್ಚು ಲಕ್ಷಗಳ ಲೆಕ್ಕದ್ದು, ನಮ್ಮ ಬಹುತೇಕ ರೋಗಿಗಳ ಕೈಗೆ ಎಟುಕದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 720 ರೋಗಿಗಳ ಮೇಲೆ ನಡೆಸಿ 2022ರ ಡಿಸೆಂಬರಿನಲ್ಲಿ ಮಂಡಿಸಿದ ಪ್ರಯೋಗಕ್ಕೆ ಇದರಿಂದಾಗಿಯೇ ನನ್ನ ಕಣ್ಣಲ್ಲಿ ದೊಡ್ಡ ಬೆಲೆ. ಹಳೆಯ, ಅಗ್ಗದ ಕಾರ್ಬೊಪ್ಲಾಟಿನ್ ಸೇರಿಸಿದಾಗ 50 ವರ್ಷ ಮತ್ತು ಅದಕ್ಕಿಂತ ಚಿಕ್ಕವರು ಹೆಚ್ಚು ಮಂದಿ ಬದುಕುಳಿದರು.

ಇತ್ತೀಚೆಗೆ ಮೂರನೆಯ ಸಾಲಿನ ಅರ್ಥವೂ ಬದಲಾಗಿದೆ. ಹರ್-2ಕ್ಕೆ 0, 1+, 2+, 3+ ಎಂದು ಸ್ಕೋರ್ ಕೊಡುತ್ತಾರೆ. 0 ಮತ್ತು 1+ ಎರಡನ್ನೂ ನೆಗೆಟಿವ್ ಎಂದು ಬರೆದು ಮುಗಿಸುವುದು ರೂಢಿಯಾಗಿತ್ತು, ಅವೆರಡರ ನಡುವಿನ ವ್ಯತ್ಯಾಸದಿಂದ ಚಿಕಿತ್ಸೆ ಬದಲಾಗುತ್ತಿರಲಿಲ್ಲ. 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕನ್ ಎಂಬ ಔಷಧಿ, ಪ್ರತಿಕಾಯದ ಬೆನ್ನಿಗೆ ಕಿಮೊ ಕಟ್ಟಿ ಕಳಿಸುವಂಥದ್ದು, ಹರಡಿದ ಕ್ಯಾನ್ಸರಿನಲ್ಲಿ 1+ ಇದ್ದವರಿಗೂ ಆಯುಷ್ಯ ಹೆಚ್ಚಿಸಿತು. ಆ ಪ್ರಯೋಗದ 557 ಮಂದಿಯಲ್ಲಿ ಹಾರ್ಮೋನ್ ಗ್ರಾಹಕವಿಲ್ಲದವರು ಸುಮಾರು 60 ಮಂದಿ ಮಾತ್ರ, ಅವರಲ್ಲೂ ಲಾಭ ಕಂಡಿತು. ಹೀಗಾಗಿ ಕೋಶದ ಪೊರೆಯ ಮೇಲೆ ಮಸುಕಾಗಿ ಎಳೆದ ಅರೆಬರೆ ಕಂದು ಗೆರೆ ಶೇ. 10ಕ್ಕಿಂತ ಹೆಚ್ಚು ಕೋಶಗಳಲ್ಲಿದೆಯೇ ಇಲ್ಲವೇ ಎಂದು ಪೆಥಾಲಜಿಸ್ಟುಗಳು ಹಳೆಯ ಸ್ಲೈಡುಗಳನ್ನು ತೆಗೆದು ಮತ್ತೆ ನೋಡುತ್ತಿದ್ದಾರೆ. ಇಬ್ಬರು ಅನುಭವಿಗಳು ಒಂದೇ ಸ್ಲೈಡಿಗೆ ಒಬ್ಬರು 0, ಇನ್ನೊಬ್ಬರು 1+ ಹೇಳುವುದು ಅಪರೂಪವೇನಲ್ಲ. ನಿಮ್ಮ ಮನೆಯ ರಿಪೋರ್ಟಿನಲ್ಲಿ ಹರ್-2 ಎದುರಿಗೆ ನೆಗೆಟಿವ್ ಎಂದಷ್ಟೇ ಇದ್ದರೆ ಸ್ಕೋರ್ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ. ಮೇಣದ ಬ್ಲಾಕು, ಸ್ಲೈಡುಗಳು ಆಸ್ಪತ್ರೆಯಲ್ಲಿ ಎಲ್ಲಿವೆ, ಎಷ್ಟು ವರ್ಷ ಇಡುತ್ತಾರೆ ಎಂದೂ ಕೇಳಿಟ್ಟುಕೊಳ್ಳಿ. ಹೊಸ ಔಷಧಿ ಬಂದಾಗ ಪರೀಕ್ಷೆಗೆ ಮೊದಲು ಬೇಕಾಗುವುದು ಅದೇ ಬ್ಲಾಕು.